ಕರಸ್ಥಲದ ಲಿಂಗ, ಒಳಮನೆಯ ಕೂಗು

ಇಷ್ಟಲಿಂಗ ಎಡ ಅಂಗೈಯಲ್ಲಿದೆ. ವಿಭೂತಿ ಧರಿಸಿ, ಪತ್ರೆ ಏರಿಸಿ ಆಗಿದೆ, ದೃಷ್ಟಿ ಇನ್ನೇನು ನೆಲೆ ನಿಲ್ಲಬೇಕು. ಆಗ ಒಳಗಿನ ಕೋಣೆಯಿಂದ ಕಾಯಿಲೆಯವರು ಕೂಗುತ್ತಾರೆ. ಪೂಜೆಯ ನಡುವೆ ಏಳಬಹುದೋ, ಏಳಬಾರದೋ?

ಮನೆಯಲ್ಲಿ ಹಾಸಿಗೆ ಹಿಡಿದವರನ್ನು ಇಟ್ಟುಕೊಂಡಿರುವ ಯಾರಿಗೂ ಇದು ಸಣ್ಣ ಪ್ರಶ್ನೆಯಲ್ಲ. ನಾನು ಇದನ್ನು ಹಲವರ ಮುಂದೆ ಇಟ್ಟಿದ್ದೇನೆ. ನನ್ನ ತವರು ತುರುವೇಕೆರೆ ಕಡೆ. ಅಲ್ಲಿನ ದೊಡ್ಡಪ್ಪ, "ಮಧ್ಯದಲ್ಲಿ ಎದ್ದ ಪೂಜೆ ಲೆಕ್ಕಕ್ಕಿಲ್ಲ ಮಗಾ, ಇನ್ನೂ ಬೇಗ ಎದ್ದು ಮುಗಿಸ್ಕೋ" ಅಂದರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹುಳಿಯಾರಿಗೆ ಕೊಟ್ಟಿರುವ ನಾದಿನಿ, "ನಮ್ಮವ್ವನ್ನ ನೋಡ್ಕೊಳ್ತಿದೀರಲ್ಲ ಅತ್ತಿಗೆ, ಅದೇ ಪೂಜೆ. ಬೇರೆ ಪೂಜೆ ಯಾಕೆ?" ಅಂದಳು. ಲಿಂಗದೀಕ್ಷೆ ಕೊಟ್ಟ ಗುರುಗಳ ಹತ್ತಿರ ಹೋಗಿ, "ಬುದ್ಧೀ, ನಾನೇನು ಮಾಡಲಿ?" ಎಂದೆ. ಅವರು, "ಎದ್ದು ಹೋದಾಗ ಮನಸ್ಸು ಎಲ್ಲಿರುತ್ತೆ ತಾಯಿ?" ಎಂದು ಕೇಳಿದರು.

ದೊಡ್ಡಪ್ಪನ ಮಾತು ನನಗೆ ಒಗ್ಗಲಿಲ್ಲ, ಯಾಕೆಂದರೆ ಕಾಯಿಲೆಗೆ ಹೊತ್ತುಗೊತ್ತಿಲ್ಲ. ನಾಲ್ಕಕ್ಕೆ ಎದ್ದರೂ ಕೂಗು ಬರುತ್ತದೆ, ಮೂರಕ್ಕೆ ಎದ್ದರೂ ಬರುತ್ತದೆ. ನಾದಿನಿಯ ಮಾತಿನಲ್ಲಿ ಪ್ರೀತಿ ಇದೆ, ಆದರೆ ಅದು ನನ್ನ ಕೈಯಲ್ಲಿರುವ ಲಿಂಗವನ್ನೇ ತೆಗೆದಿಡು ಅನ್ನುತ್ತದೆ. ಗುರುಗಳು ಕೇಳಿದ್ದು ಮಾತ್ರ ನನ್ನೊಳಗೆ ಕೂತಿತು. ಈ ಬರಹ ಅದರ ಬೆನ್ನು ಹತ್ತಿ ಹೋದದ್ದು.

ನಮ್ಮೂರು ತಿಪಟೂರಿನಿಂದ ನೊಣವಿನಕೆರೆಗೆ ಹೋಗುವ ಕಡೆ ಸಿಗುತ್ತದೆ. ಅತ್ತೆಮ್ಮನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿವೆ. ಮಾತೂ ಹೋಗಿದೆ. ಉಳಿದಿರುವುದು "ನೀರು" ಅನ್ನುವ ಒಂದೇ ಮಾತು. ಹಸಿದರೂ ನೀರು, ಮಗ್ಗುಲು ನೊಂದರೂ ನೀರು, ಬಟ್ಟೆ ಒದ್ದೆಯಾದರೂ ನೀರು, ನಡುರಾತ್ರಿ ಹೆದರಿಕೆಯಾದರೂ ನೀರು. ಕೂಗಿಗೆ ಲೋಟ ಹಿಡಿದು ಓಡಿದರೆ ಹತ್ತರಲ್ಲಿ ಒಂಬತ್ತು ಸಲ ಅವರಿಗೆ ಬೇಕಾದ್ದು ಅದಾಗಿರುವುದಿಲ್ಲ. ಹತ್ತಿರ ಕೂತು ಮುಖ ನೋಡಬೇಕು. ಹುಬ್ಬು ಗಂಟಿಕ್ಕಿದ್ದರೆ ನೋವು. ಎಡಗೈ ಸೆರಗನ್ನು ಎಳೆಯುತ್ತಿದ್ದರೆ ಬಟ್ಟೆ ಬದಲಾಯಿಸಬೇಕು. ಕಣ್ಣು ಬಾಗಿಲ ಕಡೆಗೇ ಇದ್ದರೆ ಮಗ ತೋಟದಿಂದ ಬಂದನೋ ಇಲ್ಲವೋ ಎಂಬ ಚಿಂತೆ. ಇಷ್ಟು ತಿಳಿಯಲು ಅರ್ಧ ನಿಮಿಷ ಸಾಕು, ಆದರೆ ಆ ಅರ್ಧ ನಿಮಿಷ ನಾನು ಪೂರ್ತಿ ಅಲ್ಲೇ ಇರಬೇಕು. ಮನಸ್ಸು ಒಲೆ ಮೇಲೋ ಫೋನಿನ ಮೇಲೋ ಇದ್ದರೆ ನೀರು ಕುಡಿಸಿ ಬಂದಿರುತ್ತೇನೆ, ಕೂಗು ಮತ್ತೆ ಶುರುವಾಗುತ್ತದೆ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಇಲ್ಲದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತದೆ. ಅಂಬಲಿಯನ್ನು ನೆಟ್ಟಗೆ ಕೂರಿಸಿಯೇ ಕುಡಿಸಬೇಕು, ಇಲ್ಲದಿದ್ದರೆ ನೆತ್ತಿಗೆ ಹತ್ತುತ್ತದೆ. ಇದರ ನಡುವೆ ಹಸು ಕರೆದು ಡೇರಿಗೆ ಹಾಲು ಕಳಿಸಬೇಕು. ತ್ರೀಫೇಸ್ ಕರೆಂಟು ಬಂದ ಹೊತ್ತಿಗೆ ಮೋಟರು ಹಾಕಬೇಕು. ಯಜಮಾನರು ತೋಟದ ಕೆಲಸ ನೋಡಿದರೆ ಅಟ್ಟದ ಕೆಲಸ ನನ್ನದು.

ಅಟ್ಟದ ಕೆಲಸ ಅಂದರೆ ಕೊಬ್ಬರಿ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಎಂಟು ಹತ್ತು ತಿಂಗಳು ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಸಿಪ್ಪೆ ಸುಲಿದು, ಚಿಪ್ಪಿನ ಸುತ್ತ ಮಚ್ಚಿನಿಂದ ಹದವಾಗಿ ಹೊಡೆಯುತ್ತಾ ಬಂದರೆ ಚಿಪ್ಪು ಬಿರಿದು ಉಂಡೆ ಇಡಿಯಾಗಿ ಈಚೆ ಬರುತ್ತದೆ. ಏಟು ಸ್ವಲ್ಪ ಜಾಸ್ತಿಯಾದರೂ ಉಂಡೆ ಒಡೆಯುತ್ತದೆ. ತಿಂಗಳುಗಟ್ಟಲೆ ಕಾದ ಕಾಯಿ ಒಂದು ಕ್ಷಣದಲ್ಲಿ ಚೂರಾಗುತ್ತದೆ, ಚೂರಿಗೆ ಉಂಡೆಯ ಬೆಲೆ ಇಲ್ಲ. ಕೈಯಲ್ಲಿ ಮಚ್ಚಿದೆ, ಎಡಗೈ ಬೆರಳು ಕಾಯಿಯ ಮೇಲಿದೆ, ಒಳಗಿನಿಂದ "ನೀರು" ಎಂಬ ಕೂಗು ಬರುತ್ತದೆ. ಪೂಜೆಯಲ್ಲಿ ಹುಟ್ಟಿದ ಪ್ರಶ್ನೆಯೇ ಇಲ್ಲಿಯೂ ಇದೆ. ಹೀಗೆ ತುಂಡು ತುಂಡಾಗಿ ಹೋಗುವ ದಿನದಲ್ಲಿ ಮನಸ್ಸು ಇಡಿಯಾಗಿ ಇರಲು ಸಾಧ್ಯವೇ?

ಏಕಾಗ್ರತೆ ಎಂದರೆ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಮೊದಲು ನೆನಪಾಗುವುದು ಕಗ್ಗೆರೆ. ಐದಾರು ಶತಮಾನಗಳ ಹಿಂದೆ ಅಲ್ಲಿ ತೋಂಟದ ಸಿದ್ಧಲಿಂಗ ಯತಿಗಳು ಭಕ್ತನೊಬ್ಬನ ತೋಟದಲ್ಲಿ ತಪಸ್ಸಿಗೆ ಕೂತರು, ಸುತ್ತ ಹುತ್ತ ಬೆಳೆದರೂ ಏಳಲಿಲ್ಲ, ಹಸುವೊಂದು ಬಂದು ಹುತ್ತಕ್ಕೆ ಹಾಲು ಸುರಿಸುತ್ತಿತ್ತು ಎಂಬ ಕಥೆಯನ್ನು ಕೇಳದೆ ಬೆಳೆದವರು ಇಲ್ಲಿಲ್ಲ. ಅವರ ಗದ್ದುಗೆ ಇರುವ ಎಡೆಯೂರಿಗೆ ವರ್ಷಕ್ಕೊಮ್ಮೆಯಾದರೂ ಹೋಗಿ ಬರುವ ಮನೆಗಳು ನಮ್ಮವು. ಆ ತಪಸ್ಸಿಗೆ ನಾನು ತಲೆಬಾಗುತ್ತೇನೆ. ಆದರೆ ಒಂದು ಮಾತನ್ನು ನೆನಪಿಡಬೇಕು. ಅವರು ಹುತ್ತದೊಳಗೇ ಉಳಿಯಲಿಲ್ಲ. ಎದ್ದು ಬಂದರು, ಏಳುನೂರು ವಿರಕ್ತರೊಂದಿಗೆ ನಾಡು ಸುತ್ತಿದರೆಂದು ಹೇಳುತ್ತಾರೆ. ಷಟ್‌ಸ್ಥಲ ಜ್ಞಾನಸಾರಾಮೃತದ 701 ವಚನಗಳನ್ನು ಕೊಟ್ಟರು. ಕೂತದ್ದು ಎಷ್ಟು ದೊಡ್ಡದೋ ಎದ್ದದ್ದೂ ಅಷ್ಟೇ ದೊಡ್ಡದು.

ಕೂತದ್ದಷ್ಟನ್ನೇ ದೊಡ್ಡದು ಮಾಡಿಕೊಂಡರೆ ಏನಾಗುತ್ತದೆ ಎಂಬುದನ್ನು ಮಹಾಭಾರತದ ವನಪರ್ವ ಹೇಳುತ್ತದೆ. ಕೌಶಿಕನೆಂಬ ಬ್ರಾಹ್ಮಣ ಮರದ ಕೆಳಗೆ ವೇದ ಹೇಳುತ್ತಾ ಕೂತಿದ್ದ. ಮೇಲಿಂದ ಬಕಪಕ್ಷಿಯೊಂದು ಹಿಕ್ಕೆ ಹಾಕಿತು. ಸಿಟ್ಟಿನಿಂದ ತಲೆಯೆತ್ತಿ ನೋಡಿದ, ಹಕ್ಕಿ ಸತ್ತು ಬಿತ್ತು. ಆಮೇಲೆ ಭಿಕ್ಷೆಗೆ ಹೋದರೆ ಮನೆಯ ಹೆಂಗಸು ನಿಲ್ಲಲು ಹೇಳಿ ಒಳಗೆ ಹೋದವಳು, ಹಸಿದು ಬಂದ ಗಂಡನ ಉಪಚಾರದಲ್ಲಿ ತಡಮಾಡಿದಳು. ಕೌಶಿಕ ಕೆರಳಿದ. ತಾನು ಆ ಹಕ್ಕಿಯಲ್ಲ ಎಂದು ಅವಳು ತಿಳಿಸಿದಳು, ಧರ್ಮ ತಿಳಿಯಬೇಕಾದರೆ ಮಿಥಿಲೆಯ ವ್ಯಾಧನ ಹತ್ತಿರ ಹೋಗು ಎಂದು ಕಳಿಸಿದಳು. ಮಾಂಸ ಮಾರುವ ಆ ಧರ್ಮವ್ಯಾಧ ತನ್ನ ಮುದಿ ತಂದೆತಾಯಿಯನ್ನು ತೋರಿಸಿ ಇವರೇ ನನ್ನ ದೇವರು ಎಂದ. ಕೌಶಿಕ ತನ್ನ ತಂದೆತಾಯಿಯನ್ನು ಬಿಟ್ಟು ಬಂದವನು. ಕೊನೆಗೆ ಅವರ ಸೇವೆಗೆ ಮನೆಗೆ ಹಿಂತಿರುಗಿದ.

ಈ ಕಥೆಯನ್ನು ತಂದೆತಾಯಿಯ ಸೇವೆಗಾಗಿ ಹೇಳುವುದು ರೂಢಿ. ನನಗೆ ಅದರಲ್ಲಿ ಹಕ್ಕಿಯೇ ಮುಖ್ಯವಾಗಿ ಕಾಣುತ್ತದೆ. ಅಡ್ಡಿಯನ್ನು ಸಹಿಸದ ತಪಸ್ಸು ಒಂದು ಜೀವವನ್ನು ತೆಗೆಯಿತು. ಹಕ್ಕಿ ಮಾಡಿದ್ದು ಹಕ್ಕಿ ಮಾಡುವ ಕೆಲಸ, ಅದರಲ್ಲಿ ಕೇಡು ಇರಲಿಲ್ಲ. ಅತ್ತೆಮ್ಮನ ಕೂಗಿನಲ್ಲೂ ಕೇಡಿಲ್ಲ. ಬಟ್ಟೆ ಒದ್ದೆಯಾದ ಮನುಷ್ಯ ಕೂಗಲೇಬೇಕು. ಕರೆದಾಗ ನನ್ನ ಕಣ್ಣಲ್ಲಿ ಸಿಟ್ಟು ಬಂದರೆ ಅದನ್ನು ಮೊದಲು ಕಾಣುವವರು ಅವರು. ಮಾತು ಹೋದವರಿಗೆ ಮುಖ ಓದುವುದು ಹೆಚ್ಚಾಗಿಯೇ ಬರುತ್ತದೆ. ಆಮೇಲೆ ಅವರು ಕೂಗುವುದನ್ನೇ ಬಿಡುತ್ತಾರೆ, ಒದ್ದೆಯಲ್ಲೇ ಮಲಗಿರುತ್ತಾರೆ. ಆ ಮೌನದಲ್ಲಿ ನಾನು ಗಂಟೆಗಟ್ಟಲೆ ಅಲುಗದೆ ಪೂಜೆ ಮಾಡಬಹುದು. ಆ ಪೂಜೆ ಯಾವ ಶಿವನಿಗೆ ಮುಟ್ಟೀತು?

ಹಾಗಾದರೆ ನಾದಿನಿ ಹೇಳಿದ್ದೇ ಸರಿಯೇ, ಪೂಜೆ ಬಿಟ್ಟುಬಿಡಬೇಕೇ? ಇದಕ್ಕೆ ಉತ್ತರ ನನಗೆ ಶರಣರ ವಚನಗಳನ್ನು ಸಂವಾದವಾಗಿ ಹೆಣೆದ ಶೂನ್ಯಸಂಪಾದನೆಯಲ್ಲಿ ಸಿಕ್ಕಿತು. ತುಮಕೂರಿನ ಪಕ್ಕದ ಗೂಳೂರಿನ ಸಿದ್ಧವೀರಣ್ಣೊಡೆಯರು ಸಂಕಲಿಸಿದ ಆವೃತ್ತಿಯಲ್ಲಿ ನುಲಿಯ ಚಂದಯ್ಯನ ಸಂಪಾದನೆ ಎಂಬ ಭಾಗ ಇದೆ. ಚಂದಯ್ಯ ಹನ್ನೆರಡನೆಯ ಶತಮಾನದ ಶರಣ. ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದದ್ದರಲ್ಲಿ ಜಂಗಮ ದಾಸೋಹ ಮಾಡುತ್ತಿದ್ದವನು. ಒಂದು ದಿನ ಹುಲ್ಲು ಕೊಯ್ಯುವಾಗ ಕೊರಳಿನ ಇಷ್ಟಲಿಂಗ ಕಳಚಿ ನೀರಿಗೆ ಬಿತ್ತು. ಅವನು ಬಗ್ಗಿ ಹುಡುಕಲಿಲ್ಲ, ಹೊರೆ ಕಟ್ಟಿಕೊಂಡು ಹೊರಟ. ಲಿಂಗವೇ ಅವನ ಹಿಂದೆ ಬಂತು, ನನ್ನನ್ನು ಎತ್ತಿಕೋ ಎಂದಿತು. ಸೇವೆಗೆ ಅಡ್ಡ ಬಂದ ಲಿಂಗ ಬೇಡವೆಂದ. ಇನ್ನೊಬ್ಬ ಶರಣ ಮಡಿವಾಳ ಮಾಚಿದೇವರು ನಡುವೆ ಬಂದು ಬುದ್ಧಿ ಹೇಳಬೇಕಾಯಿತು. ಕಡೆಗೆ ಚಂದಯ್ಯ ಲಿಂಗವನ್ನು ಒಪ್ಪಿದ, ಆದರೆ ಅದಕ್ಕೂ ಒಂದು ಕಾಯಕ ಕೊಟ್ಟ. ಹೊಸೆದ ಹಗ್ಗವನ್ನು ಮಾರಿಕೊಂಡು ಬರುವುದು ಲಿಂಗದ ಪಾಲಿನ ಕೆಲಸವಾಯಿತು.

ಎಷ್ಟು ಧೈರ್ಯದ ಕಥೆ ಇದು. ಇದರಲ್ಲಿ ಮೂರು ಮಾತುಗಳಿವೆ, ಮೂರೂ ರೋಗಿಯನ್ನು ನೋಡಿಕೊಳ್ಳುವವರಿಗೆ ಬೇಕಾದವು. ಮೊದಲನೆಯದು, ಕೈಯಲ್ಲಿ ಹಿಡಿದ ಸೇವೆ ಲಿಂಗಪೂಜೆಗಿಂತ ಕೆಳಗಿನದಲ್ಲ. ಎರಡನೆಯದು, ಹಾಗೆಂದು ಲಿಂಗವನ್ನು ಬಿಟ್ಟರೂ ಆಗುವುದಿಲ್ಲ, ಮಾಚಿದೇವರು ಬಂದದ್ದು ಅದಕ್ಕೇ. ಬೆಳಗ್ಗೆ ಆ ಹತ್ತು ನಿಮಿಷ ಅಂಗೈ ನೋಡುತ್ತಾ ಕೂರದಿದ್ದರೆ, ಕೂಗಿದಾಗ ಅತ್ತೆಮ್ಮನ ಮುಖವನ್ನು ಅರ್ಧ ನಿಮಿಷ ನೋಡುವ ನೋಟ ನನಗೆ ಎಲ್ಲಿಂದ ಬರಬೇಕು? ನೋಡುವುದನ್ನು ನಾನು ಕಲಿತದ್ದು ಅಲ್ಲಿ, ಖರ್ಚು ಮಾಡುವುದು ಇಲ್ಲಿ. ಮೂರನೆಯ ಮಾತು ಎಲ್ಲಕ್ಕಿಂತ ಗಟ್ಟಿಯಾದದ್ದು: ಬೇಡ ಎನ್ನಲು ಬರಬೇಕು. ಚಂದಯ್ಯ ಹೇಳಿದ್ದು ಸಾಕ್ಷಾತ್ ಲಿಂಗಕ್ಕೆ. ಪಂಢರಪುರದ ಪುಂಡಲೀಕ ತಂದೆತಾಯಿಯ ಸೇವೆಯಲ್ಲಿದ್ದಾಗ ಬಾಗಿಲಿಗೆ ಬಂದ ವಿಠಲನಿಗೇ ಇಟ್ಟಿಗೆ ಎಸೆದು ಅದರ ಮೇಲೆ ನಿಂತಿರು ಎಂದ. ದೇವರಿಗೇ ಕಾದಿರು ಎಂದವರ ಪರಂಪರೆ ನಮ್ಮದು. ನಾವು ಫೋನಿಗೆ ಹೇಳಲಾರೆವೇ?

ಮನಸ್ಸನ್ನು ಚೂರು ಮಾಡುವುದು ರೋಗಿಯ ಕೂಗಲ್ಲ ಎಂಬುದು ನನ್ನ ಅನುಭವ. ಅತ್ತೆಮ್ಮನದು ನಿಜವಾದ ಕರೆ. ಬೇರೆ ಕರೆಗಳೂ ಇವೆ. ನೆಂಟರ ಗುಂಪಿನಲ್ಲಿ ಟಿಂಗ್ ಎಂದು ಬರುವ ಶುಭೋದಯದ ಚಿತ್ರಗಳು ಕರೆಯುತ್ತವೆ. "ಹೇಗಿದಾರೆ ಈಗ?" ಎಂದು ದಿನಾ ಕೇಳಿ ಅರ್ಧ ಗಂಟೆ ತಮ್ಮ ಮನೆಯ ಸುದ್ದಿ ಹೇಳುವವರಿದ್ದಾರೆ. ಬಾಳೆಹಣ್ಣು, ಬಿಸ್ಕತ್ತು ತಂದು ಹಾಸಿಗೆಯ ಪಕ್ಕ ಕೂತು, ಇಂಥದೇ ಕಾಯಿಲೆಯಲ್ಲಿ ಯಾರು ಯಾರು ಹೋದರು ಎಂದು ಲೆಕ್ಕ ಹಾಕಿ ಕಾಫಿ ಕುಡಿದು ಹೋಗುವವರಿದ್ದಾರೆ. ಯಾರೂ ಕೆಟ್ಟವರಲ್ಲ. ಆದರೆ ಎಲ್ಲಕ್ಕೂ ಓಗೊಟ್ಟರೆ, ನಿಜವಾಗಿ ಕರೆದವರಿಗೆ ಕೊಡಲು ಏನೂ ಉಳಿಯುವುದಿಲ್ಲ. ಆದ್ದರಿಂದ ನಮ್ಮ ಮನೆಯಲ್ಲಿ ಫೋನು ಅಡುಗೆಮನೆಯ ಗೂಡಿನಲ್ಲಿರುತ್ತದೆ, ಮಧ್ಯಾಹ್ನ ಒಂದು ಸಲ, ರಾತ್ರಿ ಒಂದು ಸಲ ನೋಡುತ್ತೇನೆ. ಅತ್ತೆಮ್ಮನಿಗೆ ಉಣಿಸುವಾಗ ಯಾರೇ ಬಂದರೂ ಜಗಲಿಯಲ್ಲಿ ಕೂತಿರಿ ಎನ್ನುತ್ತೇನೆ, ಉಣಿಸಿ ಮುಗಿಸಿಯೇ ಈಚೆ ಬರುತ್ತೇನೆ. ಮೊದಮೊದಲು ಕೆಲವರು ಮುಖ ಊದಿಸಿಕೊಂಡರು. ಈಗ ರೂಢಿಯಾಗಿದೆ.

ಯಾವುದು ಯಾವುದಕ್ಕೆ ಅಡ್ಡ ಬರಬಾರದು ಎಂಬ ತಿಳಿವಳಿಕೆಗೆ ನಮ್ಮ ಕಾಲದಲ್ಲೇ ದೊಡ್ಡ ನಿದರ್ಶನವಿದೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಮಠದ ಮಕ್ಕಳ ಊಟ ಮುಗಿಯುವ ತನಕ ಸುದ್ದಿ ಹೇಳಬಾರದೆಂದು ಅವರು ಮೊದಲೇ ಹೇಳಿಟ್ಟಿದ್ದರೆಂದು ಆಗ ವರದಿಯಾಗಿತ್ತು. ತನ್ನ ಸಾವು ಕೂಡ ಮಕ್ಕಳ ತಟ್ಟೆಯ ಅನ್ನಕ್ಕೆ ಅಡ್ಡಿಯಾಗಬಾರದು ಎಂದ ಜೀವ ಅದು. ಆ ಸುದ್ದಿ ಓದಿದ ಮೇಲೆ, ಉಣಿಸುವಾಗ ಫೋನು ತೆಗೆಯದಿರುವುದು ನನಗೆ ಶಿಷ್ಟಾಚಾರದ ಮಾತಾಗಿ ಉಳಿಯಲಿಲ್ಲ. ಅದು ನೇಮವಾಯಿತು.

ಇನ್ನು ಏಳುವ ವಿಷಯ. ಕೊಬ್ಬರಿ ಒಡೆಯುವಾಗ ಕೂಗು ಬಂದರೆ ನಾನು ಮೊದಲು ಮಚ್ಚನ್ನು ಕೆಳಗಿಡುತ್ತೇನೆ. ಕೈಯಲ್ಲಿರುವ ಕಾಯನ್ನು ಒಡೆದವುಗಳ ಗುಡ್ಡೆಗೂ ಒಡೆಯದವುಗಳ ಗುಡ್ಡೆಗೂ ಸೇರಿಸದೆ ಬೇರೆ ಇಡುತ್ತೇನೆ. ಬಂದ ಮೇಲೆ ಎಲ್ಲಿಂದ ಶುರುಮಾಡಬೇಕೆಂದು ಅದೇ ಹೇಳುತ್ತದೆ, ನಾನು ತಲೆಯಲ್ಲಿ ಹೊತ್ತುಕೊಂಡು ಹೋಗಬೇಕಿಲ್ಲ. ಆಮೇಲೆ "ಬಂದೆ ಅತ್ತೆಮ್ಮ" ಎಂದು ಜೋರಾಗಿ ಹೇಳಿ ಏಳುತ್ತೇನೆ. ಆ ದನಿ ಕೇಳಿದರೆ ಅವರ ಗಾಬರಿ ಅರ್ಧ ಇಳಿಯುತ್ತದೆ. ಪೂಜೆಯಲ್ಲಿಯೂ ಹೀಗೆಯೇ. ಲಿಂಗವನ್ನು ವಸ್ತ್ರದಲ್ಲಿ ಸುತ್ತಿ, ಕರಡಿಗೆಯಲ್ಲಿಟ್ಟು, ಶಿವದಾರ ಕೊರಳಿಗೆ ಹಾಕಿಕೊಂಡು, ನಮಸ್ಕರಿಸಿ ಏಳುತ್ತೇನೆ. ಇದಕ್ಕೆ ಎರಡು ಉಸಿರಿನ ಹೊತ್ತು ಸಾಕು. ಅಷ್ಟರಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗಿರುತ್ತದೆ. ಕಾಲು ಅಲ್ಲಿ, ಮನಸ್ಸು ಇಲ್ಲಿ ಎಂಬ ಎಳೆದಾಟ ಇರುವುದಿಲ್ಲ. ಎದ್ದದ್ದರಿಂದ ಪೂಜೆ ಕೆಡುವುದಿಲ್ಲ ಎಂದು ನಾನು ಈಗ ಗಟ್ಟಿಯಾಗಿ ನಂಬಿದ್ದೇನೆ. ಅರ್ಧ ಮನಸ್ಸನ್ನು ಇಲ್ಲೇ ಬಿಟ್ಟು ಎದ್ದರೆ ಪೂಜೆಯೂ ಕೆಡುತ್ತದೆ, ಸೇವೆಯೂ ಕೆಡುತ್ತದೆ. ಏಕಾಗ್ರತೆಯನ್ನು ಎಷ್ಟು ಹೊತ್ತು ಕೂತಿದ್ದೆವು ಎಂಬುದರಿಂದ ಅಳೆಯುವುದಲ್ಲ. ಕರೆದ ಕಡೆ ಎಷ್ಟು ಪೂರ್ತಿಯಾಗಿ ಹೋದೆವು, ಮತ್ತೆ ಎಷ್ಟು ಪೂರ್ತಿಯಾಗಿ ಮರಳಿದೆವು, ಅದರಿಂದ ಅಳೆಯಬೇಕು. ಹಾಗೆ ನೋಡಿದರೆ ಇಪ್ಪತ್ತು ತುಂಡಾದ ದಿನದಲ್ಲಿಯೂ ಮನಸ್ಸು ಇಡಿಯಾಗಿ ಉಳಿದೀತು.

ಇಷ್ಟು ಹೇಳಿ ನಿಲ್ಲಿಸಿದರೆ ಒಂದು ದೊಡ್ಡ ಅನ್ಯಾಯಕ್ಕೆ ನಾನೇ ದಾರಿ ಮಾಡಿಕೊಟ್ಟಂತಾಗುತ್ತದೆ. ಸೇವೆಯೇ ಪೂಜೆ ಎಂಬ ಮಾತನ್ನು ಸೇವೆ ಮಾಡುವವರು ತಮಗೆ ತಾವು ಹೇಳಿಕೊಳ್ಳಬಹುದು. ಮಾಡದವರು ಅದನ್ನು ಇನ್ನೊಬ್ಬರಿಗೆ ಹೇಳಿದರೆ, ಅದರಲ್ಲೂ ಗಂಡಸರು ಹೆಂಗಸರಿಗೆ ಹೇಳಿದರೆ, ಅದು ಕಟ್ಟಿಹಾಕುವ ಹಗ್ಗವಾಗುತ್ತದೆ. 2024ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆ ಇದನ್ನು ಅಂಕಿಯಲ್ಲಿ ತೋರಿಸುತ್ತದೆ. 15ರಿಂದ 59 ವಯಸ್ಸಿನ ಹೆಂಗಸರಲ್ಲಿ ಶೇಕಡ 41 ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದಾರೆ, ದಿನಕ್ಕೆ ಸುಮಾರು 140 ನಿಮಿಷ. ಗಂಡಸರಲ್ಲಿ ಸುಮಾರು ಶೇಕಡ 21 ಮಂದಿ, ಅದೂ 74 ನಿಮಿಷದ ಆಸುಪಾಸು. ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಬಂದ ಕಾಯಿದೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಎಂದು ಮಕ್ಕಳ ಪಟ್ಟಿ ಕೊಡುತ್ತದೆ. ಸೊಸೆಯ ಹೆಸರು ಅದರಲ್ಲಿಲ್ಲ. ಕಾನೂನು ಹೊರಿಸದ ಹೊರೆಯನ್ನು ಊರೂರಲ್ಲಿ ಹೊತ್ತಿರುವವರು ಸೊಸೆಯರು. ನಾನು ಅತ್ತೆಮ್ಮನನ್ನು ನೋಡಿಕೊಳ್ಳುತ್ತಿರುವುದು ಪ್ರೀತಿಯಿಂದ. ನನ್ನ ಎರಡು ಬಾಣಂತನದಲ್ಲೂ ನನಗೆ ಎರೆದು, ಉಣಿಸಿ, ರಾತ್ರಿ ಮಗು ಹಿಡಿದು ಕೂತಿದ್ದ ಕೈ ಇದು. ಆದರೆ ನನ್ನ ಪ್ರೀತಿ ಇನ್ನೊಬ್ಬರಿಗೆ ರಜೆಯ ಚೀಟಿಯಾಗಬಾರದು.

ಇದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಿದೆ. ಈಗ ರಾತ್ರಿ ಹತ್ತರ ಮೇಲೆ ಮಗ್ಗುಲು ಬದಲಾಯಿಸುವುದು ಯಜಮಾನರ ಪಾಲು. ತಾಯಿಗೆ ಬಟ್ಟೆ ಬದಲಾಯಿಸಲು ಮೊದಲು ಸಂಕೋಚಪಟ್ಟವರು ಈಗ ನನಗಿಂತ ಹಗುರವಾಗಿ ಎತ್ತಿ ಮಲಗಿಸುತ್ತಾರೆ. ಬೆಂಗಳೂರಿನ ಮೈದುನ ತಿಂಗಳಿಗೊಂದು ಭಾನುವಾರ ಬಂದು ಅತ್ತೆಮ್ಮನ ಹತ್ತಿರ ಇರುತ್ತಾನೆ. ಅವತ್ತು ನಾನು ಅಟ್ಟದ ಕೆಲಸ ಒಂದೇ ಏಟಿಗೆ ಮುಗಿಸಿ ಮಧ್ಯಾಹ್ನ ಮಲಗುತ್ತೇನೆ. ನಿದ್ದೆಗೆಟ್ಟವಳಿಗೆ ಯಾರ ಮುಖವೂ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ಆ ನಿದ್ದೆಯನ್ನು ನಾನು ಸೋಮಾರಿತನ ಎನ್ನುವುದಿಲ್ಲ, ಸೇವೆಯ ಲೆಕ್ಕಕ್ಕೇ ಹಾಕುತ್ತೇನೆ.

ಮನೆಯವರಷ್ಟೇ ಸಾಕಾಗದ ಹೊತ್ತೂ ಇರುತ್ತದೆ. ಅಂಥದೊಂದು ಹೊತ್ತು 2024ರಲ್ಲಿ ಬಂತು. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ, ಅದರ ಮೇಲೆ ರಾಜ್ಯ ಸರ್ಕಾರದ 1,500 ಇತ್ತು. ವರ್ಷದ ಮೊದಲಲ್ಲಿ ಮಾರುಕಟ್ಟೆಯ ಬೆಲೆ ಅದಕ್ಕಿಂತ ಬಹಳ ಕೆಳಗಿತ್ತು. ಬೆಂಬಲ ಬೆಲೆಗೆ ಮಾರಲು ಹೆಸರು ನೋಂದಾಯಿಸಬೇಕೆಂದು ತಿಪಟೂರು ಸೀಮೆಯ ರೈತರು ಸಾಲು ನಿಂತರು. ಯಜಮಾನರು ಸಾಲಿನಲ್ಲಿದ್ದ ದಿನ ಪಕ್ಕದ ಮನೆಯಾಕೆ ಬಂದು, "ನೀನು ಕಾಯಿ ನೋಡ್ಕೋ ಹೋಗಕ್ಕಾ, ನಾನಿಲ್ಲಿರ್ತೀನಿ" ಎಂದು ಅತ್ತೆಮ್ಮನ ಪಕ್ಕ ಕೂತಳು. ಅವಳ ಮಾವನಿಗೆ ಕಣ್ಣಿನ ಆಪರೇಷನ್ ಆದಾಗ ನಾನು ಹೋಗಿ ಕೂತೆ.

ನಮ್ಮ ಹಿರಿಯರು ನಾಟಿಗೆ, ಕೊಯ್ಲಿಗೆ ಮುಯ್ಯಾಳಾಗಿ ಹೋಗುತ್ತಿದ್ದರು. ಇವತ್ತು ನಮ್ಮ ಹೊಲಕ್ಕೆ ನೀವು, ನಾಳೆ ನಿಮ್ಮ ಹೊಲಕ್ಕೆ ನಾವು. ಅದರಲ್ಲಿ ಉಪಕಾರದ ಭಾರವಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಈಗಲೂ ಒಂದು ಮನೆಯಲ್ಲಿ ಸಾವಾದರೆ ಊರೆಲ್ಲ ಕೆಲಸ ಬಿಟ್ಟು ಬರುತ್ತದೆ. ಸಾವಿಗೆ ಮುಂಚಿನ ನಾಲ್ಕೈದು ವರ್ಷ ಆ ಮನೆಯಲ್ಲಿ ಒಬ್ಬಳೇ ಎಚ್ಚರವಿದ್ದದ್ದು ಯಾರ ಗಮನಕ್ಕೂ ಬಂದಿರುವುದಿಲ್ಲ. ಮಠಗಳ ಪ್ರವಚನದಲ್ಲಿ ದಾಸೋಹದ ಮಾತು ಬಂದಾಗ ಅನ್ನದ ಜೊತೆಗೆ ಇದನ್ನೂ ಹೇಳಬೇಕೆಂದು ನನ್ನ ಬೇಡಿಕೆ. ನಿಮ್ಮ ಬೀದಿಯಲ್ಲಿ ಹಾಸಿಗೆ ಹಿಡಿದವರು ಯಾರಿದ್ದಾರೆ, ಅವರನ್ನು ನೋಡಿಕೊಳ್ಳುವವರು ಯಾರು ಎಂದು ತಿಳಿದುಕೊಳ್ಳಿ. ಹಣ್ಣು ಬಿಸ್ಕತ್ತು ಬೇಡ. ವಾರಕ್ಕೆ ಎರಡು ಗಂಟೆ ಹೋಗಿ ಕೂರಿ, ನೋಡಿಕೊಳ್ಳುವವಳನ್ನು ಈಚೆಗೆ ಕಳಿಸಿ. ಅವಳು ಆ ಹೊತ್ತಿನಲ್ಲಿ ಪೂಜೆ ಮಾಡಲಿ, ತೋಟಕ್ಕೆ ಹೋಗಲಿ, ಮಲಗಲಿ, ಅದು ಅವಳಿಗೆ ಬಿಟ್ಟದ್ದು. ಗಂಡಸರೂ ಹೋಗಿ ಕೂರಬಹುದು. ನಾಳೆ ನಿಮ್ಮ ಮನೆಯಿಂದ ಕೂಗು ಬಂದಾಗ ಅವಳು ಬರುತ್ತಾಳೆ.